ನಾಲ್ಕನೇ ಪುಟದ ಉದಾಹರಣೆಗಳು

೧೪ ಮಾರ್ಚ್, ಭಾನುವಾರ

ನನ್ನ ಅಳಿಲಮರಿಗೆ,

ತಪ್ಪು ವಾದಗಳ ಬಗ್ಗೆ ನೀನು ಬರೆದು ಟೈಪ್ ಮಾಡಲು ಕಳಿಸಿದ್ದ ಹನ್ನೆರಡು ಪುಟದ ಪಾಠ ಮುಗಿಯಿತು, ಇದರ ಜೊತೆಗೇ ಇದೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನು ಹಿಡಿದರೆ ನಾನು ವಾದಕ್ಕೆ ಇಳಿಯುತ್ತೇನೆ, ಗೆದ್ದೂ ಬಿಡುತ್ತೇನೆ. ಅದಕ್ಕೇ ಈ ಕಾಗದ.

ಮೊದಲ ಮೂರು ಪುಟ ನಗುತ್ತಲೇ ಹೊಡೆದೆ. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ನಂಟು ಕಟ್ಟುವವರು, ಎದುರಿನವನ ಮಾತಿಗೆ ಉತ್ತರ ಕೊಡಲಾರದೆ ಅವನ ಅಂಗಿಯ ಕೊಳೆ ಎತ್ತಿ ಆಡುವವರು, ಎಲ್ಲರೂ ನಮ್ಮ ಟೈಪಿಂಗ್ ಅಂಗಡಿಗೆ ದಿನಾ ಅರ್ಜಿ ಹಿಡಿದು ಬರುವವರೇ. ಅಂಗಡಿಯ ಯಜಮಾನರಿಗೂ ಓದಿ ಹೇಳಿದೆ. "ನಿಮ್ ಮಗಳು ಕಾಲೇಜಲ್ಲಿ ಇದನ್ನೆಲ್ಲ ಹೇಳ್ಕೊಟ್ರೆ, ನಾಳೆ ನಮ್ಮಲ್ಲಿ ದೂರು ಟೈಪ್ ಮಾಡ್ಸೋಕೆ ಯಾರಮ್ಮ ಬರ್ತಾರೆ?" ಎಂದು ನಕ್ಕರು.

ನಾಲ್ಕನೇ ಪುಟಕ್ಕೆ ಬಂದಾಗ ಕೈ ನಿಂತಿತು. "ಹೋದ ತಿಂಗಳು ನೀನು ಹೊಟ್ಟೆನೋವು ಅಂತ ಸುಳ್ಳು ಹೇಳಿದ್ದೆ, ಅಂದ್ಮೇಲೆ ಈ ಕಿವಿನೋವೂ ಸುಳ್ಳೇ." ಅದರ ಕೆಳಗೆ, "ಜ್ವರ ಇಟ್ಕೊಂಡೇ ನಾನು ದಿನವಿಡೀ ಕೆಲಸ ಮಾಡಿದೀನಿ, ನಂಗೇನಾಯ್ತು?" ಅದರ ಕೆಳಗೆ, "ಇವತ್ತು ರಜ ಹಾಕ್ಸಿದ್ರೆ ನಾಳೇನೂ ಕೇಳ್ತೀಯ, ಆಮೇಲೆ ಸ್ಕೂಲೇ ಬೇಡ ಅಂತೀಯ." ನೀನು ಯಾರನ್ನೂ ಹೆಸರಿಸಿರಲಿಲ್ಲ. "ಹಿರಿಯರೊಬ್ಬರು ಮಗುವಿಗೆ ಹೇಳಿದ್ದು" ಎಂದಷ್ಟೇ ಇತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ಹೋದದ್ದು ಎಡಗಿವಿಗೆ. "ಯಾಕಮ್ಮಾ, ಕರೆಂಟ್ ಹೋಯ್ತಾ?" ಎಂದರು ಯಜಮಾನರು. ಹೌದು ಎಂದೆ. ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು.

ನಿನಗಾಗ ಒಂಬತ್ತು ವರ್ಷ. ಒಂದು ಶುಕ್ರವಾರ ಬೆಳಿಗ್ಗೆ ಎಡಗಿವಿಯನ್ನು ಒತ್ತಿ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. "ಅಮ್ಮಾ, ಒಳಗಿಂದ ಯಾರೋ ಚುಚ್ತಿದಾರೆ" ಅಂದೆ, ಅಷ್ಟೇ. ನಾನು ಆ ಮೂರೂ ಮಾತು ಒಂದರ ಹಿಂದೆ ಒಂದು ಆಡಿದೆ. ಒಂಬತ್ತರ ಮಗು ಮೂವತ್ತಾರರ ಹೆಂಗಸಿಗೆ ಏನು ಉತ್ತರ ಕೊಟ್ಟೀತು? ನೀನು ಚೀಲ ಬೆನ್ನಿಗೇರಿಸಿಕೊಂಡು ಸ್ಕೂಲಿಗೆ ಹೊರಟೆ. ಹೇಳಲು ನಾಚಿಕೆ, ನಿನ್ನ ಬಾಯಿ ಮುಚ್ಚಿಸಿದ್ದಕ್ಕೆ ನನಗೆ ಒಳಗೊಳಗೇ ಹಿಗ್ಗೂ ಆಗಿತ್ತು.

ನಿನಗೆ ಗೊತ್ತಿಲ್ಲದ್ದು ಇಲ್ಲಿದೆ. ಆಫೀಸಿನ ಕೆಲಸದ ಮೇಲೆ ಎರಡು ದಿನ ಹೋಗಬೇಕು, ಸ್ಕೂಲು ಬಿಟ್ಟ ಮೇಲೆ ಮಹಡಿಮನೆಯ ಅಜ್ಜಿಯ ಹತ್ತಿರ ಇರು ಎಂದಿದ್ದೆನಲ್ಲ, ಆಫೀಸಿನ ಕೆಲಸ ಯಾವುದೂ ಇರಲಿಲ್ಲ. ಜೊತೆಯ ಹೆಂಗಸರೆಲ್ಲ ಸರೋವರ ನೋಡಲು ಹೊರಟಿದ್ದರು. ನಿನ್ನಪ್ಪ ಬಿಟ್ಟುಹೋದ ಮೇಲೆ ಏಳು ವರ್ಷ ನಾನು ಎಲ್ಲಿಗೂ ಹೋದವಳಲ್ಲ. ಬಸ್ಸು ಮಧ್ಯಾಹ್ನಕ್ಕೆ, ಡಾಕ್ಟರ ಬಾಗಿಲಲ್ಲಿ ಕೂತರೆ ತಪ್ಪುತ್ತಿತ್ತು. ಹೋಗುವುದೆಂದು ಮೊದಲು ತೀರ್ಮಾನಿಸಿದೆ, ಕಾರಣಗಳನ್ನು ಆಮೇಲೆ ಹುಡುಕಿಕೊಂಡೆ. ಈ ಬಗೆಯ ತಪ್ಪಿಗೆ ನಿನ್ನ ಪಾಠದಲ್ಲಿ ಏನಾದರೂ ಹೆಸರಿದೆಯೋ ಎಂದು ಎರಡು ಸಲ ತಿರುವಿದೆ, ಸಿಗಲಿಲ್ಲ.

ಭಾನುವಾರ ಹಿಂತಿರುಗಿದಾಗ ಮನೆಗೆ ಬೀಗ. ಜ್ವರ ಏರಿ, ಅಜ್ಜಿಯೇ ನಿನ್ನನ್ನು ಆಸ್ಪತ್ರೆಗೆ ಸೇರಿಸಿದ್ದರು. ಡಾಕ್ಟರು "ಎರಡು ದಿನ ಮೊದ್ಲೇ ಕರ್ಕೊಂಡು ಬಂದಿದ್ರೆ" ಎಂದವರು ಮುಂದೆ ಹೇಳಲಿಲ್ಲ. ಆ ವಾಕ್ಯವನ್ನು ಈ ಇಪ್ಪತ್ತೆರಡು ವರ್ಷ ನಾನೂ ಪೂರ್ತಿ ಮಾಡಲಿಲ್ಲ. ಎಡಗಿವಿ ಹೇಗೆ ಹೋಯಿತೆಂದು ಕೇಳಿದವರಿಗೆಲ್ಲ, ಈಜಿಗೆ ಹೋಗುತ್ತಿದ್ದಳು, ಅದರಿಂದಲೇ ಎಂದೆ. ಕಾಗೆಯನ್ನು ನಾನೇ ಹಿಡಿದು ತಂದು ಕೊಂಬೆಯ ಮೇಲೆ ಕೂರಿಸಿದೆ. ಆಡಿದ ಮಾತು ಉಳಿಸಿಕೊಳ್ಳಲು ನಿನ್ನ ಈಜನ್ನೂ ಬಿಡಿಸಿದೆ. ನೀನು ನೀಲಿ ಈಜುಡುಗೆಯನ್ನು ಮಡಚಿ ನನ್ನ ಕೈಗಿಟ್ಟೆ, ಅಳಲಿಲ್ಲ. ಒಪ್ಪಿದಳು ಅಂದುಕೊಂಡೆ. ಸುಮ್ಮನಿದ್ದವರೆಲ್ಲ ಒಪ್ಪಿದವರಲ್ಲ ಎಂದು ಒಂಬತ್ತನೇ ಪುಟದಲ್ಲಿ ಬರೆದಿದ್ದೀಯ.

ಈಗಲೂ ನಾನು ಬಂದರೆ ನಿನ್ನ ಬಲಗಡೆಯ ಕುರ್ಚಿಯಲ್ಲೇ ಕೂರಿಸುತ್ತೀಯ. ಮಗಳಿಗೆ ನನ್ನ ಮೇಲೆ ಎಷ್ಟು ಗೌರವ ನೋಡಿ ಎಂದು ಒಮ್ಮೆ ಯಾರಿಗೋ ಹೇಳಿಕೊಂಡಿದ್ದೆ.

ಪಾಠದಲ್ಲಿ ಕಾಗುಣಿತದ ತಪ್ಪು ಒಂದೆರಡು ಇದ್ದವು, ತಿದ್ದಿದ್ದೇನೆ. ಕೇಳದೆ ಇನ್ನೊಂದು ಕಡೆಯೂ ಕೈಯಾಡಿಸಿದ್ದೇನೆ. "ಹಿರಿಯರೊಬ್ಬರು ಮಗುವಿಗೆ" ಎಂಬಲ್ಲಿ "ತಾಯಿಯೊಬ್ಬಳು ಮಗಳಿಗೆ" ಎಂದು ಮಾಡಿದ್ದೇನೆ. ಬೇಡವೆನಿಸಿದರೆ ಮೊದಲಿನಂತೆ ಮಾಡಿಕೋ.

ಕ್ಷಮಿಸು ಎಂದು ಬರೆಯಲು ಹೊರಟರೆ, ಒಬ್ಬಳೇ ದುಡಿದು ಸಾಕಿದೆನಲ್ಲ ಎಂಬ ಮಾತು ಪೆನ್ನಿನ ತುದಿಗೆ ಬಂತು. ಬರೆದು, ಹೊಡೆದುಹಾಕಿದೆ. ಸಾಕಿದ್ದು ನಿಜ. ಆದರೆ ಅದು ಇದಕ್ಕೆ ಉತ್ತರವಲ್ಲ. ಕ್ಷಮಿಸು, ಅಷ್ಟೇ.

ವಾದಿಸದೆ ಕಾಯುವ,
ನಿನ್ನ ಅಮ್ಮ

ವಿ.ಸೂ.: ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದೆ. ನಿನ್ನ ನೋವನ್ನು ನಂಬಲಿಲ್ಲ ಎನ್ನುವಂತೆ ಮೇಲೆ ಬರೆದಿದ್ದೇನೆ, ಅದೂ ಸುಳ್ಳು. ಆ ಶುಕ್ರವಾರ ನೀನು ಬಾಯಿಬಿಡುವ ಮೊದಲೇ, ಹಾಸಿಗೆ ಸರಿಮಾಡುವಾಗ, ನಿನ್ನ ದಿಂಬಿನ ಮೇಲೆ ಕೀವಿನ ಹಳದಿ ಕಲೆ ಕಂಡಿತ್ತು. ಮುಟ್ಟಿ ನೋಡಿದೆ, ಇನ್ನೂ ಒದ್ದೆಯಿತ್ತು. ದಿಂಬನ್ನು ಮಗುಚಿ ಹಾಕಿ ಅಡುಗೆಮನೆಗೆ ಹೋದೆ.