ವಿರಾಮದ ದಿನಗಳ ಖಾಲಿ ಹಾಳೆ

ಗದಗ
ಕ್ರಿ.ಶ. 2319, ಫೆಬ್ರವರಿ 30

ಸುಮಾರು ಮುನ್ನೂರು ವರ್ಷ ಹಿಂದಿನ ವೈದ್ಯ ಬಂಧುಗಳಿಗೆ,

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದನ್ನು ವರ್ಷದ ಕೊನೆಗೆ ಕಟ್ಟಿ, ಸೊಪ್ಪು ಮಾರುವವಳು ಮೇಲೊಂದು ಹಿಡಿ ಹಾಕುವಂತೆ ಕೊಟ್ಟಿದ್ದಾರೆ; ಅವಕ್ಕೆ ಕೊಸರು ದಿನಗಳೆಂದೇ ಹೆಸರು. ನನ್ನ ಮಾತುಗಳೂ ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ನಿಮ್ಮ ಕಾಲದ ಬರಹವನ್ನು ನಾನು ಕಲಿತದ್ದು ಹಳೆಯ ಸಮ್ಮೇಳನಗಳ ಸ್ಮರಣ ಸಂಚಿಕೆಗಳಿಂದ. ಹಾಗಾಗಿ ‘ವೇದಿಕೆಯ ಮೇಲಿರುವ ಗಣ್ಯರೇ’ ಎನ್ನುವುದು ನನಗೆ ಸಲೀಸಾಗಿ ಬರುತ್ತದೆ, ‘ಹೇಗಿದ್ದೀರಿ’ ಎನ್ನಲು ತಡವರಿಸುತ್ತೇನೆ.

ನನ್ನ ಹೆಸರು ಗಂಗಾಂಬಿಕೆ ಕಟಗೇರಿ. ವಯಸ್ಸು ಐವತ್ತೆಂಟು. ಆಹಾರದ ಅಲರ್ಜಿಗಳನ್ನು ನೋಡುವ ವೈದ್ಯೆ, ಮತ್ತು ಈ ವರ್ಷ ಗದಗದಲ್ಲಿ ನಡೆದ ಕೂಡುಸಭೆಯ ಸಂಚಾಲಕಿ. ಕೂಡುಸಭೆಯೆಂದರೆ ನಿಮ್ಮ ವೈದ್ಯಕೀಯ ಸಮ್ಮೇಳನವೇ. ಸಭೆ ಮುಗಿದ ಮೇಲೆ ಸಂಚಾಲಕರಾದವರು ಒಂದು ಹಿಂದೋಲೆ ಬರೆಯಬೇಕೆಂಬುದು ನಮ್ಮ ಪದ್ಧತಿ. ಆ ವರ್ಷ ಕೈಗೆ ಸಿಕ್ಕ ತಪ್ಪು ಯಾರ ಕಾಲದಲ್ಲಿ ಬೇರುಬಿಟ್ಟಿತ್ತೋ ಅವರಿಗೆ ಬರೆಯುವ ಕಾಗದ ಅದು. ತಲುಪುವುದಿಲ್ಲವೆಂದು ಎಲ್ಲರಿಗೂ ಗೊತ್ತು, ಆದರೂ ಬರೆಯುತ್ತೇವೆ. ಕಟ್ಟಳೆಗಳು ಎರಡೇ: ಬೈಯಬಾರದು, ಜಂಭ ಕೊಚ್ಚಬಾರದು. ಎರಡನೆಯದು ಈ ಸಲ ನನಗೆ ಕಷ್ಟವಾಗಲಿಲ್ಲ. ನೀವು ಬಿತ್ತಿದ ತಪ್ಪಿಗೆ ನೀರೆರೆದು, ಬೇಲಿ ಕಟ್ಟಿ, ಕಾಪಾಡಿ ಬೆಳೆಸಿದವಳು ನಾನೇ.

ನಮ್ಮ ಸಭೆಗಳು ಬೆಳಗಿನ ಐದಕ್ಕೆ ಶುರುವಾಗುತ್ತವೆ. ಹತ್ತು ಗಂಟೆಯ ಮೇಲೆ ಇಲ್ಲಿಯ ಬಿಸಿಲಿಗೆ ಯಾರೂ ಹೊರಗೆ ತಲೆ ಹಾಕುವುದಿಲ್ಲ. ಎಲ್ಲರೂ ತಂಪುಮನೆಗಳಿಗೆ, ಅಂದರೆ ನೆಲದಡಿಯ ಕೋಣೆಗಳಿಗೆ ಇಳಿದು ನಿದ್ದೆ ಮಾಡುತ್ತಾರೆ. ಸಭೆ ನಡೆಯುವುದು ಹಳೆಯ ಹತ್ತಿ ಗೋದಾಮಿನಲ್ಲಿ. ಅರ್ಧ ಕುರ್ಚಿಗಳು ವೈದ್ಯರಿಗೆ, ಇನ್ನರ್ಧ ಮೈಸಾಕ್ಷಿಗಳಿಗೆ. ತನ್ನ ಕಾಯಿಲೆಯನ್ನು ತಾನೇ ಎದ್ದು ಹೇಳುವವರು ಮೈಸಾಕ್ಷಿಗಳು. ಅವರು ಮಾತಾಡುವಾಗ ಗಂಟೆ ಬಾರಿಸಿ ಕೂರಿಸುವಂತಿಲ್ಲ. ಊಟದ ಪದ್ಧತಿ ನಿಮಗೆ ಇನ್ನೂ ವಿಚಿತ್ರವೆನಿಸೀತು. ಯಾರಿಗಾದರೂ ಇಂಥ ಪದಾರ್ಥ ತಿಂದರೆ ಅಪಾಯವಿಲ್ಲವೆಂದು ವೈದ್ಯರು ಬರೆದುಕೊಡುವ ಚೀಟಿಗೆ ಉಣ್ಣೋಲೆ ಎನ್ನುತ್ತೇವೆ. ಉಣ್ಣೋಲೆಗೆ ಸಹಿ ಹಾಕಿದವರು ಆ ರೋಗಿಯ ಪಕ್ಕದಲ್ಲಿ ಪಂಕ್ತಿಯಲ್ಲಿ ಕೂತು ಅದೇ ಪದಾರ್ಥವನ್ನು ಉಣ್ಣಬೇಕು. ವೈದ್ಯರಿಗೆ ಅದರಿಂದ ಏನೂ ಆಗುವುದಿಲ್ಲ, ನಿಜ. ಆದರೆ ಪಕ್ಕದವರ ತುಟಿಯನ್ನೇ ನೋಡುತ್ತ ಒಂದು ತಾಸು ಕೂತವರು ಮುಂದಿನ ಸಹಿಯನ್ನು ಅವಸರದಲ್ಲಿ ಹಾಕುವುದಿಲ್ಲ ಎಂಬ ನಂಬಿಕೆ.

ನಿಮ್ಮ ಸ್ಮರಣ ಸಂಚಿಕೆಗಳನ್ನು ನಾನು ಪ್ರೀತಿಯಿಂದ ಓದುತ್ತೇನೆ. ದೊಡ್ಡ ಹೋಟೆಲಿನ ಒಂದು ಹಾಲ್‌ನಲ್ಲಿ ಆಹಾರದ ಅಲರ್ಜಿ, ಎದುರಿನ ಹಾಲ್‌ನಲ್ಲಿ ಹೆಣ್ಣುಮಕ್ಕಳ ಹಾರ್ಮೋನು. ಎರಡೂ ಒಂಬತ್ತೂವರೆಗೇ ಶುರು. ನಡುವೆ ಚಹಾದ ಮೇಜು. ಒಂದು ಹಾಲ್‌ನಲ್ಲಿ ಕೂತವರು ಇನ್ನೊಂದರಲ್ಲಿ ಇರಲು ಸಾಧ್ಯವೇ ಇರಲಿಲ್ಲ. ಬೈಯುತ್ತಿಲ್ಲ, ನಮ್ಮಲ್ಲೂ ಹಾಗೆಯೇ ಇದೆ. ಉಣಿಸು ಚಾವಡಿ, ಋತು ಚಾವಡಿ ಎಂದು ಹೆಸರು ಮಾತ್ರ ಬದಲಾಗಿದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ನಾವೂ ಬಂದಿದ್ದೇವೆ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ನಿಮ್ಮ ಕಾಲದ ಕೆಲವು ಮನೆಗಳಲ್ಲಿ ಮುಟ್ಟಾದವಳನ್ನು ಹೊರಗೆ ಕೂರಿಸುತ್ತಿದ್ದರಂತೆ. ಕೆಲವು ಸಂಶೋಧನೆಗಳಲ್ಲಿ ಹೆಂಗಸರ ತಿಂಗಳ ಏರಿಳಿತ ಲೆಕ್ಕ ಕೆಡಿಸುತ್ತದೆಂದು ಅವರನ್ನೇ ಕೈಬಿಡುತ್ತಿದ್ದರು. ನಮ್ಮ ಕಾಲಕ್ಕೆ ಬರುವಷ್ಟರಲ್ಲಿ ಅದೇ ಅಭ್ಯಾಸ ಮುಖ ತೊಳೆದುಕೊಂಡು ಮರ್ಯಾದೆಯಾಗಿತ್ತು. ಇಪ್ಪತ್ತೊಂಬತ್ತು ವರ್ಷಗಳ ಹಿಂದೆ, ತರುಣ ವೈದ್ಯೆಯಾಗಿದ್ದಾಗ, ನಾನು ಅದನ್ನು ನಿಯಮವನ್ನಾಗಿ ಮಾಡಿದೆ. ಉಣಿಸಿ ನೋಡುವ ಪರೀಕ್ಷೆಯೆಂದರೆ ಅನುಮಾನದ ಪದಾರ್ಥವನ್ನು ವೈದ್ಯರ ಕಣ್ಣೆದುರೇ ಚೂರು ಚೂರಾಗಿ ತಿನ್ನಿಸಿ ನೋಡುವುದು. ಮೈಗೆ ಆಯಾಸದ ಕೆಲಸ. ಮುಟ್ಟಿನ ದಿನಗಳಲ್ಲಿ ಯಾವ ಹೆಣ್ಣಿಗೂ ಅದನ್ನು ಮಾಡಕೂಡದು, ಬದಲಿಗೆ ಅವಳಿಗೊಂದು ಮಂಚ, ಬಿಸಿನೀರಿನ ಚೀಲ, ಶುಂಠಿ ಕಷಾಯ ಕೊಡಬೇಕು ಎಂದು ಬರೆದೆ. ವಿರಾಮ ನಿಯಮ ಎಂದು ಹೆಸರಿಟ್ಟೆ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ನಾನೂ ಮನೆಗೆ ಹೋಗಿ ಕನ್ನಡಿಯ ಮುಂದೆ ನನಗೆ ನಾನೇ ಚಪ್ಪಾಳೆ ತಟ್ಟಿಕೊಂಡಿರಬೇಕು.

ನನಗೊಬ್ಬಳು ಮಗಳು, ಕಲ್ಲವ್ವ. ನಿಮ್ಮ ಕಾಲದಲ್ಲಿ ಮುತ್ತಜ್ಜಿಯರಿಗೆ ಮಾತ್ರ ಉಳಿದಿದ್ದ ಹೆಸರುಗಳು ಈಗ ಮತ್ತೆ ಹುಡುಗಿಯರಿಗೆ ಬಂದಿವೆ. ವಯಸ್ಸು ಇಪ್ಪತ್ತನಾಲ್ಕು. ಕಪ್ಪತಗುಡ್ಡದ ಮೇಲೆ ವಿದ್ಯುತ್ ತೆಗೆಯುವ ಗಾಳಿಗಂಬಗಳನ್ನು ಹತ್ತಿ ರಿಪೇರಿ ಮಾಡುವುದು ಅವಳ ಕೆಲಸ. ಎರಡು ವರ್ಷಗಳ ಹಿಂದೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ತಿಂದು ಅವಳ ತುಟಿ ಊದಿತು, ಮೈತುಂಬ ದದ್ದು ಎದ್ದಿತು. ಕೆಲವು ತಿಂಗಳ ಮೇಲೆ ಮತ್ತೊಮ್ಮೆ ಹಾಗೆಯೇ ಆಯಿತು, ಆ ಸಲ ಉಸಿರಿಗೂ ತೊಂದರೆಯಾಯಿತು. ನಡುವೆ ಎಷ್ಟೋ ದಿನ ಅದೇ ರೊಟ್ಟಿ ತಿಂದು ಸುಖವಾಗಿದ್ದಳು. ಎರಡು ಸಲ ಉಣಿಸಿ ನೋಡಿದೆವು. ಏನೂ ಆಗಲಿಲ್ಲ. ಎಳ್ಳಿನ ಉಣ್ಣೋಲೆಗೆ ನಾನೇ ಸಹಿ ಹಾಕಿ, ಅವಳ ಪಕ್ಕದಲ್ಲಿ ಕೂತು ರೊಟ್ಟಿ ಉಂಡೆ. ಇಪ್ಪತ್ತು ದಿನಗಳ ಮೇಲೆ ಅವಳು ಗಾಳಿಗಂಬದ ಬುಡದಲ್ಲಿ ಬುತ್ತಿ ಬಿಚ್ಚಿ ಉಂಡು ಅಲ್ಲೇ ಕುಸಿದಳು. ಜೊತೆಯವರು ಎಚ್ಚರಸೂಜಿ ಚುಚ್ಚಿದ್ದರಿಂದ ಉಳಿದಳು. ಅಲರ್ಜಿಯಿಂದ ಬಿದ್ದವರನ್ನು ಎಬ್ಬಿಸುವ ಆ ಸೂಜಿ ನಮ್ಮಲ್ಲಿ ಎಲ್ಲರ ಜೇಬಿನಲ್ಲೂ ಇರುತ್ತದೆ. ಸದ್ಯ.

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟು ಅವಳು ಹೇಳಿದ್ದು ಇಷ್ಟು: “ಅವ್ವಾ, ಮೂರೂ ಸಲ ನಾ ಮುಟ್ಟಾಗಿದ್ದೆ. ನಿಮ್ಮ ಪರೀಕ್ಷಾದಾಗ ಆ ದಿನಾನ ಇಲ್ಲಲ್ಲ.”

ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತಷ್ಟೇ ಎಂದು ನಾನೆಂದೆ. ಮೂವತ್ತು ವರ್ಷದ ಅನುಭವ ಆಡಿಸಿದ ಮಾತು ಅದು.

“ಕಾಗಿ ಮೂರು ಸಲ ಕುಂತು ಮೂರು ಸಲಾನೂ ಟೊಂಗಿ ಮುರೀತಂದ್ರ, ಕಾಗಿ ತೂಕಾ ನೋಡಬೇಕವ್ವ,” ಎಂದಳು.

ನನಗೆ ನಾಚಿಕೆಯಾಯಿತು. ಆ ಸಂಜೆಯೇ ಋತು ಚಾವಡಿಯ ಹಿರಿಯಳಾದ ಡಾ. ಮೆಹಬೂಬಿ ನದಾಫಳ ಮನೆಗೆ ಹೋದೆ. ಓದುವ ಕಾಲದಿಂದ ನನ್ನ ಗೆಳತಿ. ಮುಟ್ಟಿನ ದಿನವೇ ಕಲ್ಲವ್ವನಿಗೆ ಉಣಿಸಿ ನೋಡಬೇಕು, ವಿರಾಮ ನಿಯಮ ಮುರಿಯಬೇಕು ಎಂದೆ. ಅವಳು ಒಪ್ಪಲಿಲ್ಲ. ಕೂಡುಸಭೆಯಲ್ಲಿ ಈ ಮಾತು ಬಂದಾಗಲೂ ಎದ್ದು ನಿಂತು ನನ್ನನ್ನೇ ಕೇಳಿದಳು: “ಗಂಗಕ್ಕಾ, ಎಷ್ಟೋ ತಲಿಮಾರು ನಮ್ಮನ್ನ ಹೊರಗ ಕುಂದ್ರಿಸಿದ್ರು. ಈಗರ ಒಳಗ ಮಲಗಾಕ ಒಂದ್ ಮಂಚ ಸಿಕ್ಕೈತಿ. ನೀನಾ ಕೊಟ್ಟಿದ್ದು. ಅದನ್ನೂ ಕಸ್ಕೋತೀಯೇನ?” ಅವಳ ಮಾತಿನಲ್ಲಿ ಹುರುಳಿತ್ತು. ಇಂದು ಒಬ್ಬಳಿಗೆ ಪರೀಕ್ಷೆಯೆಂದು ಎಬ್ಬಿಸಿದರೆ ನಾಳೆ ಎಲ್ಲರನ್ನೂ ಕೆಲಸಕ್ಕೆಂದು ಎಬ್ಬಿಸುವವರು ಹುಟ್ಟಿಕೊಳ್ಳುತ್ತಾರೆ. ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು, ನುಂಗಲೂ ಆಗದು, ಉಗುಳಲೂ ಆಗದು. ಆಗ ಮೈಸಾಕ್ಷಿಗಳ ಸಾಲಿನಿಂದ ಕಲ್ಲವ್ವ ಎದ್ದಳು. ಅವಳಿಗೆ ಭಾಷಣ ಬರುವುದಿಲ್ಲ. “ಮಂಚ ಇರ್ಲಿ ಬಿಡ್ರಿ. ಮಲಗಬೇಕೋ ಎದ್ದು ಕುಂದ್ರಬೇಕೋ ಅಂತ ನಾ ಹೇಳ್ತೀನಿ. ನಮ್ಮನ್ನ ಕೇಳದಾ ನೀವಾ ಮಲಗಸಬ್ಯಾಡ್ರಿ,” ಎಂದು ಕೂತುಬಿಟ್ಟಳು. ಆಮೇಲೆ ಮೆಹಬೂಬಿ ತನ್ನ ಚೀಲ ಎತ್ತಿಕೊಂಡು ಬಂದು ನಮ್ಮ ಚಾವಡಿಯಲ್ಲಿ ಕೂತಳು.

ಸಭೆಯ ಮೂರನೆಯ ದಿನ ಕಲ್ಲವ್ವನಿಗೆ ಮುಟ್ಟು ಬಂತು, ನಾಲ್ಕನೆಯ ಬೆಳಗ್ಗೆ ಪರೀಕ್ಷೆ ಇಟ್ಟೆವು. ಒಂದು ಪಕ್ಕ ಮೆಹಬೂಬಿ, ಇನ್ನೊಂದು ಪಕ್ಕ ನಾನು, ನಡುವೆ ಕಲ್ಲವ್ವ. ಹಿಂದೆ ಇಬ್ಬರು ದಾದಿಯರು ಸೂಜಿ ಹಿಡಿದು ನಿಂತಿದ್ದರು. ಅರೆದ ಎಳ್ಳು ಮೊದಲು ಉಗುರಿನ ತುದಿಯಷ್ಟು, ಅರ್ಧ ತಾಸಿನ ಮೇಲೆ ಕಡಲೆ ಕಾಳಿನಷ್ಟು, ಆಮೇಲೆ ಅರ್ಧ ಚಮಚ. ಅವಳು ತಿಂದಷ್ಟನ್ನು ನಾವೂ ತಿನ್ನಬೇಕು. ಏನೂ ಆಗದಿರಲಿ ಎಂದು ತಾಯಿಯಾಗಿ ಬೇಡಿಕೊಳ್ಳುತ್ತಿದ್ದೆ. ಏನೂ ಆಗದಿದ್ದರೆ ಇವಳಿಗೆ ಮತ್ತೆ ಉಣ್ಣೋಲೆ ಕೊಡಬೇಕಾಗುತ್ತದೆ, ಅದನ್ನು ನಂಬಿ ಮತ್ತೆಲ್ಲಿ ಬೀಳುತ್ತಾಳೋ ಎಂಬ ಹೆದರಿಕೆಯೂ ಇತ್ತು. ಮೂರನೆಯ ತುತ್ತಿಗೆ ಅವಳು ಅಂಗೈ ಕೆರೆದುಕೊಂಡಳು. ಕಿವಿ ಕೆಂಪಾಯಿತು. ಕೆಮ್ಮಿದಳು, ದನಿ ಒಡೆಯಿತು. ದಾದಿ ಸೂಜಿ ಚುಚ್ಚಿದಳು. ಹತ್ತು ನಿಮಿಷದಲ್ಲಿ ಉಸಿರು ಹದಕ್ಕೆ ಬಂತು. ಆಮೇಲೆ ಅವಳು ತಲೆ ಎತ್ತಿ ನಮ್ಮಿಬ್ಬರನ್ನೂ ನೋಡಿ, “ಬರಕೊಂಡ್ರೇನ?” ಎಂದಳು.

ಬರೆದುಕೊಂಡೆವು. ಏಕೆ ಹಾಗಾಗುತ್ತದೆ ಎಂಬುದು ಇನ್ನೂ ಗೊತ್ತಿಲ್ಲ. ಹಾರ್ಮೋನಿನ ಇಳಿತವೋ, ನಿದ್ದೆಗೇಡೋ? ಹೊಟ್ಟೆನೋವಿನ ಮಾತ್ರೆ ಕಾರಣವೆನ್ನೋಣವೆಂದರೆ ಅಂದು ಅವಳು ಅದನ್ನು ತೆಗೆದುಕೊಂಡಿರಲಿಲ್ಲ. ಒಬ್ಬಳ ಒಂದು ಪರೀಕ್ಷೆಯಿಂದ ಊರಿಗೆಲ್ಲ ನಿಯಮ ಮಾಡಲಾಗದು. ಎಲ್ಲ ಹೆಣ್ಣುಮಕ್ಕಳೂ ಆ ದಿನ ಎಳ್ಳಿಗೆ ಹೆದರಬೇಕೆಂದೂ ಇಲ್ಲ. ಎರಡು ಚಾವಡಿಗಳೂ ಸೇರಿ ಹುಡುಕಲಿವೆ. ವಿರಾಮ ನಿಯಮ ಉಳಿದಿದೆ. ‘ಮಾಡಕೂಡದು’ ಎಂಬಲ್ಲಿ ‘ಅವಳನ್ನು ಕೇಳಬೇಕು’ ಎಂದು ತಿದ್ದಿದ್ದೇವೆ.

ಆದರೆ ನಾನು ಅಲ್ಲಿಗೆ ನಿಲ್ಲಿಸುವಂತಿರಲಿಲ್ಲ. ಸಭೆ ಮುಗಿದ ವಾರ ಹಳೆಯ ಕಡತಗಳನ್ನು ತೆಗೆದೆ. ನನ್ನ ಸಹಿಯ ಉಣ್ಣೋಲೆ ಪಡೆದು, ಆಮೇಲೆ ಅದೇ ಪದಾರ್ಥ ತಿಂದು ಬಿದ್ದ ಹೆಂಗಸರು ಹನ್ನೊಂದು ಮಂದಿ. ನಾಲ್ವರು ಉಳಿಯಲಿಲ್ಲ. ‘ಕಾರಣ ತಿಳಿದಿಲ್ಲ’ ಎಂದು ಬರೆದು ಮುಚ್ಚಿದ್ದೆವು. ಹನ್ನೊಂದು ಕಡತಗಳಲ್ಲೂ ವಿರಾಮದ ದಿನಗಳ, ಅಂದರೆ ಮುಟ್ಟಿನ ದಿನಗಳ, ಹಾಳೆ ಖಾಲಿ. ಎಲ್ಲರದೂ ಇದೇ ಕಾರಣವೆಂದು ನಾನು ಹೇಳಲಾರೆ. ಹಾಳೆ ಖಾಲಿಯಿರುವುದರಿಂದ ಅಲ್ಲವೆಂದೂ ಹೇಳಲಾರೆ. ಒಬ್ಬಳ ವಿಷಯದಲ್ಲಿ ಮಾತ್ರ ನನಗೆ ಅನುಮಾನವಿಲ್ಲ. ಲಕ್ಕುಂಡಿಯ ರಾಚವ್ವ ಹುಲ್ಲೂರ, ಮೂವತ್ತೊಂದು ವರ್ಷ, ಶೇಂಗಾದ ಅಲರ್ಜಿ. ಅವಳ ಮುಖ ನನಗೆ ಚೆನ್ನಾಗಿ ನೆನಪಿದೆ. “ಆ ದಿನಕ್ಕಷ್ಟ ಆಗತೈತ್ರಿ ಡಾಕ್ಟರ,” ಎಂದಿದ್ದಳು. “ಹಾಗಾದರೆ ಆ ದಿನಗಳಲ್ಲಿ ನಿನಗೆ ತೊಂದರೆ ಕೊಡುವುದಿಲ್ಲ ತಂಗಿ, ವಿಶ್ರಾಂತಿ ತಗೋ,” ಎಂದು ನಾನು ಕೈಯಾರೆ ಕಷಾಯ ಕೊಟ್ಟಿದ್ದೆ. ಎಂಟು ತಿಂಗಳ ಮೇಲೆ ಅವಳು ಹೋದಳು. ನಾನು ಕೆಟ್ಟವಳಾಗಿದ್ದರೆ ಯಾರಾದರೂ ತಡೆಯುತ್ತಿದ್ದರು. ಒಳ್ಳೆಯವಳಾಗಿದ್ದೆ, ಅದಕ್ಕೇ ಯಾರೂ ತಡೆಯಲಿಲ್ಲ.

ನಿಮ್ಮಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಮುಂದಿನ ಸಮ್ಮೇಳನದ ವೇಳಾಪಟ್ಟಿ ಮಾಡುವಾಗ ಎರಡು ಹಾಲ್‌ಗಳಿಗೆ ಒಂದೇ ಹೊತ್ತು ಇಡಬೇಡಿ. ಏನು ತಿಂದೆ ಎಂದು ಕೇಳುವವರು ತಿಂಗಳಿನ ಎಷ್ಟನೆಯ ದಿನ ಎಂದೂ ಕೇಳಲಿ. ಹೇಳಲು ಅವಳಿಗೆ ಇಷ್ಟವಿಲ್ಲದಿದ್ದರೆ ಇಷ್ಟವಿಲ್ಲ ಎಂದೇ ಬರೆಯಿರಿ. ಕೇಳದೆ ಬಿಟ್ಟು ಅದಕ್ಕೆ ಕರುಣೆಯೆಂದು ಹೆಸರಿಡಬೇಡಿ.

ನಿನ್ನೆ ಲಕ್ಕುಂಡಿಗೆ ಹೋಗಿದ್ದೆ. ಕಲ್ಲವ್ವ ತಾನೂ ಬರುತ್ತೇನೆಂದು ಜೊತೆಗೆ ಬಂದಳು. ರಾಚವ್ವನ ತಾಯಿ ಈರವ್ವನಿಗೆ ಎಂಬತ್ತು ದಾಟಿದೆ. ಬೆಲ್ಲ, ನೀರು ಕೊಟ್ಟು ಎದುರಿಗೆ ಕೂತಳು. ನಾನು ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದೆ. ಅವಳು ಅಳಲಿಲ್ಲ, ಬೈಯಲೂ ಇಲ್ಲ.

“ನಮ್ಮ ರಾಚಿ ಇದನ್ನ ನಿಮಗ ಹೇಳಿದ್ಲೇನ್ರಿ?” ಎಂದು ಕೇಳಿದಳು.

ಹೇಳಿದ್ದಳು ಎಂದೆ.

“ಮತ್ತ?” ಎಂದಳು.

ಇನ್ನೂ ಹತ್ತು ಮನೆಗಳಿವೆ. ನಾಳೆ ಬೆಳಗ್ಗೆ ತಾಯಿ ಮಗಳು ಮತ್ತೆ ಹೊರಡುತ್ತೇವೆ. ನಿಮ್ಮ ಎದುರಿಗೆ ಕೂತು ಹೇಳುತ್ತಿರುವ ರೋಗಿ ಇನ್ನೂ ಬದುಕಿದ್ದಾಳೆ. ಅವಳು ಹೇಳಿದ್ದನ್ನು ಬರೆದುಕೊಳ್ಳಿ.

ಇಂತು,
ಗಂಗಾಂಬಿಕೆ ಕಟಗೇರಿ