ತಿನ್ನೋನೇ ಕೊಯ್ಯಬೇಕು

ಸೆಪ್ಟೆಂಬರ್ 9, ಸೋಮವಾರ

ಲಾರಿ ಇವತ್ತೂ ತಡ. ಇಪ್ಪತ್ತೆರಡು ಪೆಟ್ಟಿಗೆ ಇಳಿಸಿಕೊಂಡು, ಪ್ಲಾಸ್ಟಿಕ್ ಹರಿದು, ಹನ್ನೊಂದರೊಳಗೆ ಕೌಂಟರ್ ತುಂಬಿಸಿದೆ. ಮೊಣಕೈ ನೋವು, ಹಳೆಯದೇ.

ಗಿರಾಕಿಗಳು... ದೇವರು ಇವರಿಗೆ ಹಲ್ಲು ಕೊಟ್ಟ, ಎದೆ ಕೊಡಲಿಲ್ಲ. ಒಬ್ಬ ಮಹಾನುಭಾವ ಇಪ್ಪತ್ತು ಜನರಿಗಾಗುವಷ್ಟು ಪಕ್ಕೆಲುಬು ತೂಗಿಸಿಕೊಂಡ. ಆಮೇಲೆ ಕೇಳುತ್ತಾನೆ, "ಪಕ್ಕೆಲುಬು ಅಂದ್ರೆ ನಮಗಿರುತ್ತಲ್ಲ, ಅದೇನಾ?" ತನ್ನ ಪಕ್ಕೆಯನ್ನೇ ಮುಟ್ಟಿ ನೋಡಿಕೊಂಡ. ಹೌದಪ್ಪಾ, ಅದೇ ಎಂದೆ. ಮುಖ ಬಿಳಿಚಿಕೊಂಡಿತು. ಆದರೂ ಕೊಂಡುಹೋದ. ವಾಪಸು ಕೊಡುವಷ್ಟು ಮಾನವೂ ಇಲ್ಲ.

ಮೂರಕ್ಕೆ ಡಬಲ್ ಪೇಪರ್ ಬಂದಳು, ನಾನಿಟ್ಟ ಅಡ್ಡಹೆಸರು. ಲೋರ್ನಾ ಪಿವೋಂಕಾ ಎಂದು ಹೆಸರು, ಶಾಲೆಯ ಲೈಬ್ರರಿಯಲ್ಲಿದ್ದು ರಿಟೈರ್ ಆದವಳು. ಇಪ್ಪತ್ತು ವರ್ಷದಿಂದ ಪ್ರತಿ ಸೋಮವಾರ ಒಂದು ಟ್ರೌಟ್ ಮೀನು. ಪ್ರತಿ ಸೋಮವಾರ ಅದೇ ಮಾತು: "ತಲೆ ತೆಗೆದುಬಿಡಿ ಆಂಬ್ರೋಸ್. ಎರಡು ಕಾಗದ ಸುತ್ತಿ." ನಾನು ತಲೆ ಕತ್ತರಿಸುವಾಗ ಬ್ರೆಡ್ಡಿನ ಕಪಾಟು ನೋಡುತ್ತ ನಿಲ್ಲುತ್ತಾಳೆ. ರಕ್ತದ ಒಂದು ಚುಕ್ಕೆ ಕಾಗದದಾಚೆ ಕಾಣಬಾರದು. ಇಂಥವರಿಗೆ ಮೀನು ಯಾಕೆ, ಗೆಣಸು ತಿನ್ನಲಿ.

ಸೆಪ್ಟೆಂಬರ್ 14, ಶನಿವಾರ

ಬಾಯಿ. ನನ್ನ ಬಾಯಿಗೆ ಹೊಲಿಗೆ ಹಾಕಬೇಕು.

ಅಂಗಡಿ ತುಂಬ ಜನ. ಒಬ್ಬಳು ಕುರಿಯ ಮೂತ್ರಪಿಂಡ ನೋಡಿ "ಥೂ, ಇದನ್ನೆಲ್ಲ ಕಾಣೋ ಹಾಗೆ ಇಡ್ಬೇಕಾ?" ಎಂದಳು. ಅವಳ ಬುಟ್ಟಿಯಲ್ಲಿ ಆರು ಕುರಿ ಚಾಪ್ಸು. ನನಗೆ ಪಿತ್ತ ನೆತ್ತಿಗೇರಿತು. ಮಾಮೂಲಿ ಪಾಠ ಶುರು ಮಾಡಿದೆ. ತಿನ್ನೋನೇ ಕೊಯ್ಯಬೇಕು ಅಂತ ಕಾನೂನು ಬರಲಿ, ಒಂದೇ ತಿಂಗಳಲ್ಲಿ ಈ ಕೌಂಟಿ ಪೂರ್ತಿ ಹುಲ್ಲು ಮೇಯುತ್ತೆ ಅಂದೆ. ಜನ ನಕ್ಕರು. ಯಾವಾಗಲೂ ನಗುತ್ತಾರೆ. ಈ ಮಾತು ನಾನು ಮೂವತ್ತೆಂಟು ವರ್ಷದಿಂದ ಆಡುತ್ತಿದ್ದೇನೆ.

ಜೆರಿ ಲಾಲುಜರ್ನ್ ಹಿಂದೆ ನಿಂತಿದ್ದ. ಚರ್ಚಿನ ಬೂಯಾ ಅಡುಗೆಗೆ ಈ ಸಲ ಅವನೇ ಯಜಮಾನ. ಪ್ರತಿ ಶರತ್ಕಾಲದಲ್ಲಿ ಹಂಡೆಗಟ್ಟಲೆ ಕೋಳಿ, ತರಕಾರಿ ಬೇಯಿಸಿ ಊರಿಗೆಲ್ಲ ಬಡಿಸುತ್ತೇವಲ್ಲ, ಅದಕ್ಕೆ.

"ಆಂಬ್ರೋಸ್, ನಿಮ್ಮ ಮಾತು ನಡೆಸಿಬಿಡೋಣ," ಎಂದ. "ಮೊಟ್ಟೆ ಫಾರ್ಮಿನವರು ನಲವತ್ತು ಮುದಿ ಕೋಳಿ ಕೊಡ್ತಾರಂತೆ, ಜೀವಂತ. ತಿನ್ನೋರೇ ಬಂದು ಕೊಯ್ಯಲಿ. ನೀವು ಮೊದಲನೇದು ಕೊಯ್ದು ತೋರಿಸಿ. ಊರಿಗಿರೋನು ಒಬ್ಬನೇ ಕಸಾಯಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ನಕ್ಕೆ. ಆಗಲಿ ಅಂದೆ. ಅಂದುಬಿಟ್ಟೆ.

ಸೆಪ್ಟೆಂಬರ್ 15, ಭಾನುವಾರ

ಚರ್ಚಿನ ಬಾಗಿಲಲ್ಲಿ ಜೆರಿ ಹಲಗೆ ನಿಲ್ಲಿಸಿದ್ದಾನೆ. "ಕೋಳಿ ಕೊಯ್ಲು, 28ರ ಶನಿವಾರ. ಕಲಿಸುವವರು: ಆಂಬ್ರೋಸ್ ಡೆಲ್ವಿಶ್." ಕೊಲ್ಲುವುದು ಎಂದು ಬರೆದರೆ ಯಾರೂ ಬರುವುದಿಲ್ಲವಂತೆ, ಅದಕ್ಕೆ ಕೊಯ್ಲು. ಗೋಧಿಯೇನೋ ಇದು. ಆಗಲೇ ಹನ್ನೆರಡು ಹೆಸರು. ಹಲ್ಲಿನ ಡಾಕ್ಟರು, ಯೋಗ ಕಲಿಸುವವಳು, ಬ್ಯಾಂಕಿನ ಆ ಸಣಕಲ. ನೋಡುತ್ತಿರು, ಒಂದು ರೆಕ್ಕೆ ಬಡಿದರೆ ಹನ್ನೆರಡು ಜನವೂ ಪಾರ್ಕಿಂಗ್ ಜಾಗದಲ್ಲಿರುತ್ತಾರೆ.

ಮೊದಲನೇದು ನಾನು.

ಸೆಪ್ಟೆಂಬರ್ 19, ಗುರುವಾರ

ಇದನ್ನು ಎಲ್ಲೂ ಬರೆದವನಲ್ಲ. ಹೆಂಡತಿಗೂ ಹೇಳದೆಯೇ ಅವಳನ್ನು ಮಣ್ಣು ಮಾಡಿ ಬಂದವನು.

ನಾನು ಜೀವ ಇರುವ ಯಾವುದನ್ನೂ ಕೊಯ್ದಿಲ್ಲ. ಒಂದನ್ನೂ. ನನಗೆ ಬರುವುದು ಪೆಟ್ಟಿಗೆಯಲ್ಲಿ, ತಣ್ಣಗೆ, ಪ್ಲಾಸ್ಟಿಕ್ಕಿನಲ್ಲಿ. ಎಲ್ಲೋ ಯಾರೋ ಮಾಡಿ ಮುಗಿಸಿರುತ್ತಾರೆ. ನಾನು ಸೀಳುತ್ತೇನೆ, ತೂಗುತ್ತೇನೆ, ಬೈಯುತ್ತೇನೆ. ಏಪ್ರನ್ ಕೆಂಪಾಗಿದ್ದರೆ ಸಾಕು, ಜನ ಕಸಾಯಿ ಅನ್ನುತ್ತಾರೆ. ನಾನೂ ಓ ಅಂದೆ.

ಒಂಬತ್ತು ವರ್ಷ ನನಗೆ. ನವೆಂಬರ್. ಅಪ್ಪ ಹಂದಿ ಕೊಯ್ಯುವ ದಿನ. ರಕ್ತ ಹಿಡಿಯಲು ಬಿಳಿ ಬೋಗುಣಿ ನನ್ನ ಕೈಗೆ ಕೊಟ್ಟ. "ಎರಡೂ ಕೈಯಲ್ಲಿ, ಅಂಚು ಗಟ್ಟಿಯಾಗಿ ಹಿಡ್ಕೊ. ಅದರಿಂದ ಕಣ್ಣು ಕೀಳಬೇಡ," ಎಂದ. ಬಿಸಿ ಬಿಸಿ ಬಂದು ಕೈಮೇಲೆ ಬಿತ್ತು. ಬೋಗುಣಿ ಬಿಸಾಕಿ ಓಡಿದೆ. ಅಟ್ಟದ ಹುಲ್ಲಿನಲ್ಲಿ ಸಂಜೆಯವರೆಗೆ ಬಿದ್ದುಕೊಂಡೆ. ರಕ್ತವೆಲ್ಲ ಚೆಲ್ಲಿಹೋಗಿ, ಆ ವರ್ಷ ನಮ್ಮ ಮನೆಯಲ್ಲಿ ಕರುಳಿಗೆ ತುಂಬಿ ಬೇಯಿಸುವ ರಕ್ತದ ಸಾಸೇಜು ಇಲ್ಲ. ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಊಟಕ್ಕೆ ಕೂತಾಗ ನನ್ನ ತಟ್ಟೆಗೂ ಹಂದಿ ಬಡಿಸಿದ. ತಿಂದೆ. ಎರಡನೇ ಸಲ ಹಾಕಿಸಿಕೊಂಡು ತಿಂದೆ.

ಇನ್ನು ಒಂಬತ್ತು ದಿನ. ಕೋಳಿ ತಾನೆ. ಎರಡು ಕಿಲೋ ಪುಕ್ಕ.

ಸೆಪ್ಟೆಂಬರ್ 27, ಶುಕ್ರವಾರ

ಮೇಪಲ್ ಮರದ ಕೊರಡು ಚರ್ಚಿನ ಹಿಂದೆ ಇಟ್ಟು ಬಂದೆ. ಕೋಳಿಯ ಕತ್ತು ಸಿಕ್ಕಿಸಲು ಎರಡು ಮೊಳೆ ಹೊಡೆದೆ, ಅಪ್ಪನ ಕೊರಡಿನಲ್ಲಿ ಇದ್ದ ನೆನಪು. ಕೈಗೊಡಲಿ ಮಸೆದೆ. ಮುಂಗೈ ಕೂದಲು ಬೋಳಿಸುವಷ್ಟು ಹರಿತ. ಮಸೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ಬ್ಯಾಂಕಿನ ಸಣಕಲ ಅಂಗಡಿಗೆ ಬಂದು ಕೇಳಿದ, "ಆಂಬ್ರೋಸ್, ಅದಕ್ಕೆ ನೋವಾಗಲ್ವಾ?" "ನಿಂಗೆ ಜಾಸ್ತಿ ಆಗುತ್ತೆ ಕಣಯ್ಯ," ಅಂದೆ. ಪಾಪ, ನಿಜ ಅಂದುಕೊಂಡು ಹೋದ. ಹೇಡಿ.

ಸೆಪ್ಟೆಂಬರ್ 28, ಶನಿವಾರ

ಬರೆದುಬಿಡುತ್ತೇನೆ, ಇದ್ದದ್ದು ಇದ್ದ ಹಾಗೆ.

ಒಂಬತ್ತು ಗಂಟೆ. ಹನ್ನೆರಡು ಜನವೂ ಬಂದಿದ್ದರು. ಹೊಸ ಗಂಬೂಟು ಬೇರೆ, ಬೆಲೆಚೀಟಿ ಕಿತ್ತಿಲ್ಲ. ಆಚೆ ಒಲೆಯ ಮೇಲೆ ಪುಕ್ಕ ಕೀಳಲು ನೀರು ಕಾಯುತ್ತಿತ್ತು, ಅಲ್ಲಿ ಹೆಂಗಸರು. ಡಬಲ್ ಪೇಪರ್ ಕೂಡ ಇದ್ದಳು. ಇವಳು ಯಾಕೆ ಬಂದಳೋ, ಈಗ ಮೂರ್ಛೆ ಹೋಗುತ್ತಾಳೆ ಅಂದುಕೊಂಡೆ.

ಜೆರಿ ಕಂದು ಕೋಳಿಯೊಂದನ್ನು ತಂದು ಕೈಗಿತ್ತ. ಬೆಚ್ಚಗಿತ್ತು. ಮೂವತ್ತೆಂಟು ವರ್ಷದಲ್ಲಿ ನನ್ನ ಕೈಗೆ ಬೆಚ್ಚಗಿನ ಕೋಳಿ ಬಂದಿರಲಿಲ್ಲ. ಕೊರಡಿನ ಮೇಲೆ ಮಲಗಿಸಿದೆ. ಕತ್ತು ಮೊಳೆಗಳ ನಡುವೆ. ಕೈಗೊಡಲಿ ಎತ್ತಿಕೊಂಡೆ. ಕೋಳಿ ಕಣ್ಣು ಮುಚ್ಚಿತು, ರೆಪ್ಪೆ ಕೆಳಗಿನಿಂದ ಮೇಲಕ್ಕೆ ಬಂತು. ನನಗೆ ಇದು ಗೊತ್ತೇ ಇರಲಿಲ್ಲ. ನನಗೆ ಬರುವ ಕೋಳಿಗೆ ತಲೆಯೇ ಇರುವುದಿಲ್ಲವಲ್ಲ.

ಆಗ ಮಾತು ಶುರು ಮಾಡಿದೆ. ಕತ್ತಿನ ಕೀಲು ಎಲ್ಲಿ, ಅಲಗು ಹೇಗಿರಬೇಕು, ಪ್ರಾಣಿಗೆ ಗೌರವ ಅಂದರೇನು. ಹತ್ತು ನಿಮಿಷ ಮಾತಾಡಿದೆ. ಯೋಗದವಳು ನೋಟ್ಸ್ ಬರೆದುಕೊಂಡಳು. ಬೆವರು ಬೆನ್ನಿನಲ್ಲಿ ಇಳಿಯುತ್ತಿತ್ತು, ಎಡಗೈಯಡಿ ಕೋಳಿ ಉಸಿರಾಡುತ್ತಿತ್ತು. ಆಮೇಲೆ ಆಡಲು ಮಾತೂ ಉಳಿಯಲಿಲ್ಲ. ಎಲ್ಲರೂ ನೋಡುತ್ತಿದ್ದಾರೆ. ಕೋಳಿ ತಲೆ ಒಂದು ಸಲ ಎಳೆದುಕೊಂಡಿತು ಅಷ್ಟೆ, ಮೊಳೆಗಳ ನಡುವಿನಿಂದ ಸಲೀಸಾಗಿ ಜಾರಿ ಬಂತು.

"ಸ್ವಲ್ಪ ಸರೀರಿ ಆಂಬ್ರೋಸ್, ನೀರು ಕಾದು ಕೂತಿದೆ."

ಲೋರ್ನಾ ಪಿವೋಂಕಾ. ನನ್ನ ಕೈಯಿಂದ ಕೈಗೊಡಲಿ ತೆಗೆದುಕೊಂಡಳು, ಮಗುವಿನ ಕೈಯಿಂದ ಕತ್ತರಿ ತೆಗೆದುಕೊಂಡ ಹಾಗೆ. ಹಿಂಬದಿಯಿಂದ ಒಂದು ಮೊಳೆಗೆ ಎರಡು ಏಟು ಹಾಕಿ ಇನ್ನೊಂದರ ಹತ್ತಿರಕ್ಕೆ ಬಗ್ಗಿಸಿದಳು. ಕೋಳಿಯ ಬೆನ್ನು ಸವರಿದಳು. ಕತ್ತು ಸಿಕ್ಕಿಸಿದಳು. ಒಂದೇ ಏಟು. ರೆಕ್ಕೆ ಬಡಿತ ನಿಲ್ಲುವವರೆಗೆ ಎರಡೂ ಕೈಯಲ್ಲಿ ಒತ್ತಿ ಹಿಡಿದಳು, ಮುಖ ತಿರುಗಿಸಲಿಲ್ಲ.

"ಆಂಬ್ರೋಸ್ ಹೇಳಿದ ಹಾಗೆ ಮಾಡಿದ್ದೀನಿ. ಮುಂದೆ ಯಾರು?" ಎಂದಳು.

ಮುಂದೆ ಬಂದವನು ಬ್ಯಾಂಕಿನ ಸಣಕಲ. ಅಳುತ್ತ ಕೊಯ್ದ, ಆದರೆ ಕೊಯ್ದ. ಹಲ್ಲಿನ ಡಾಕ್ಟರು ಬೇಲಿ ಪಕ್ಕ ವಾಂತಿ ಮಾಡಿ, ಬಾಯಿ ತೊಳೆದುಕೊಂಡು ಬಂದು ಎರಡು ಕೊಯ್ದರು. ಯೋಗದವಳು ಆಗಲ್ಲ ಅಂದಳು. ಸುಮ್ಮನೆ, ನಾಚಿಕೆಯಿಲ್ಲದೆ, "ನನ್ನ ಕೈಲಿ ಆಗಲ್ಲ. ಹಾಗಾದ್ರೆ ತಿನ್ನೋದೂ ಇಲ್ಲ," ಅಂದು ಕ್ಯಾರೆಟ್ ಹೆಚ್ಚಲು ಹೋದಳು. ಹನ್ನೆರಡರಲ್ಲಿ ಹತ್ತು ಜನ ಕೊಯ್ದರು. ಪಾರ್ಕಿಂಗ್ ಜಾಗದಲ್ಲಿ ಯಾರೂ ಇರಲಿಲ್ಲ.

ನಾನಿದ್ದೆ. ಟ್ರಕ್ಕಿನಿಂದ ಟವೆಲು ತರುತ್ತೇನೆ ಅಂತ ಹೋದವನು ಕಾಲು ಗಂಟೆ ಅಲ್ಲೇ ಕೂತಿದ್ದೆ.

ಕೊನೆಗೆ ಪುಕ್ಕ ಕೀಳುವ ಮೇಜಿನಲ್ಲಿ ಅವಳ ಪಕ್ಕ ನಿಲ್ಲಬೇಕಾಗಿ ಬಂತು. ಕೆಲಸದಿಂದ ಕಣ್ಣೆತ್ತದೆ ಮೆತ್ತಗೆ ಹೇಳಿದಳು, "ನಮ್ಮಮ್ಮ ಕೋಳಿ ಮಾರ್ತಿದ್ರು. ಶುಕ್ರವಾರ ಸ್ಕೂಲಿಂದ ಬಂದು ಮೂವತ್ತು ಕೊಯ್ಯೋದು ನನ್ನ ಕೆಲಸ. ಹದಿನೆಂಟಾಗೋವರೆಗೂ. ಆಮೇಲೆ ಸಾಕು ಅನ್ನಿಸಿಬಿಡ್ತು. ತಲೆ ನೋಡೋದೇ ಬೇಡ ಅಂತ."

ನಾನು ಇನ್ನೊಂದು ಕೋಳಿ ಎಳೆದುಕೊಂಡೆ.

"ಮೊಳೆ ಅಷ್ಟು ದೂರ ಹೊಡೆದಿದ್ರಲ್ಲ," ಎಂದಳು. "ಕೊಯ್ದವರು ಯಾರೂ ಹಾಗೆ ಹೊಡೆಯಲ್ಲ."

ಕೈಲಾಗದವನು ಮೈ ಪರಚಿಕೊಂಡ ಅಂತಾರೆ. ನಾನು ಮೂವತ್ತೆಂಟು ವರ್ಷ ಊರಿನ ಮೈ ಪರಚಿದೆ.

ಸೆಪ್ಟೆಂಬರ್ 29, ಭಾನುವಾರ

ಬೂಯಾ. ಮುನ್ನೂರು ಜನ. ಎಲ್ಲರೂ ಬೆನ್ನು ತಟ್ಟುವವರೇ. "ಚೆನ್ನಾಗಿ ಹೇಳಿಕೊಟ್ರಂತೆ ಆಂಬ್ರೋಸ್." ಬಟ್ಟಲು ಹಿಡಿದು ನಿಂತಿದ್ದೆ, ಬಾಯಿಗಿಡಲು ಆಗಲಿಲ್ಲ. ಲೋರ್ನಾ ಸೌಟು ಹಿಡಿದು ಬಂದಳು.

"ತಿನ್ನಿ. ನಿಮ್ಮ ಪಾಲಿನದ್ದೂ ನಾನೇ ಕೊಯ್ದಿದ್ದೀನಿ," ಎಂದಳು. ಯಾರಿಗೂ ಕೇಳಿಸದ ಹಾಗೆ.

ತಿಂದೆ. ರುಚಿಯಾಗಿತ್ತು. ಎರಡನೇ ಸಲ ಹಾಕಿಸಿಕೊಂಡೆ. ಅರವತ್ತೊಂದು ವರ್ಷ ವಯಸ್ಸು, ಇಷ್ಟು ಹೇಸಿಗೆ ನನ್ನ ಮೇಲೆ ನನಗೆ ಯಾವತ್ತೂ ಆಗಿರಲಿಲ್ಲ.

ಸೆಪ್ಟೆಂಬರ್ 30, ಸೋಮವಾರ

ಬಂದಳು. "ತಲೆ ತೆಗೆದುಬಿಡಿ ಆಂಬ್ರೋಸ್. ಎರಡು ಕಾಗದ." ತೆಗೆದೆ. ಸುತ್ತಿದೆ. ಏನೂ ಆಗೇ ಇಲ್ಲ ಅನ್ನುವ ಹಾಗೆ ಹೋದಳು. ಯಾರಿಗೂ ಹೇಳುವವಳಲ್ಲ. ಹೇಳಿಬಿಟ್ಟಿದ್ದರೆ ನಾನು ಅವಳಿಗೆ ಬೈಯಬಹುದಿತ್ತು.

ನವೆಂಬರ್ 4, ಸೋಮವಾರ

ಒಂದು ತಿಂಗಳು ಬರೆಯಲಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ. ಗಿರಾಕಿಗಳಿಗೆ ಪಾಠ ಮಾಡುವುದು ನಿಲ್ಲಿಸಿದ್ದೇನೆ. ಹುಷಾರಿಲ್ವಾ ಅಂತ ಕೇಳುತ್ತಾರೆ.

ಇವತ್ತು ಜೆರಿ ಬಂದ, ಅಂಗಡಿ ಕಿತ್ತುಹೋಗುವ ಗಂಟಲು. "ಆಂಬ್ರೋಸ್, ಶನಿವಾರ ನಮ್ಮ ಹಂದಿ ಕೊಯ್ಯೋದು. ಪ್ರತಿ ವರ್ಷ ಕತ್ತಿ ಹಾಕೋ ಭಾವ ಸೊಂಟದ ಆಪರೇಷನ್ ಮಾಡಿಸ್ಕೊಂಡು ಮಲಗಿದ್ದಾನೆ. ಗುಂಡು ನಾನು ಹೊಡೀತೀನಿ, ಕತ್ತಿ ನಿಮ್ಮದು. ಅಜ್ಜಿ ಮಾಡ್ತಿದ್ದಂಥ ರಕ್ತದ ಸಾಸೇಜು ಮಾಡಿಸ್ಬೇಕು."

ಆರು ಜನ ಸಾಲಿನಲ್ಲಿದ್ದರು. ಅದರಲ್ಲಿ ಲೋರ್ನಾ. ನನಗೇನನ್ನಿಸಿತೋ, ಕತ್ತಿ ಕೆಳಗಿಟ್ಟು ಹೇಳಿದೆ, "ಜೆರಿ, ನಾನು ಜೀವ ಇರೋದನ್ನ ಇವತ್ತಿನವರೆಗೆ ಕೊಯ್ದಿಲ್ಲ. ಒಂದು ಕೋಳೀನೂ ಕೊಯ್ದಿಲ್ಲ. ನನ್ನ ಕೈಲಿ ಆಗಲ್ಲ."

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಅಂಗಡಿಯೇ ನಕ್ಕಿತು. ಜೆರಿ ಕಣ್ಣು ಒರೆಸಿಕೊಂಡ. "ಇವರ ಬಾಯಿ ನೋಡ್ರೋ. ಬರೋಕೆ ಸೋಮಾರಿತನ ಅಂತ ಹೇಳಿದ್ರೆ ಸಾಕಿತ್ತಲ್ಲಪ್ಪ. ಶನಿವಾರ ಏಳು ಗಂಟೆ, ತಡ ಮಾಡ್ಬೇಡಿ ಮಾರಾಯ್ರೆ."

ಅರವತ್ತೊಂದು ವರ್ಷಕ್ಕೆ ಒಂದು ನಿಜ ಹೇಳಿದೆ, ಅದು ನನ್ನ ಅತ್ಯುತ್ತಮ ಜೋಕು ಅಂತಾಯಿತು. ಲೋರ್ನಾ ಒಬ್ಬಳು ನಗಲಿಲ್ಲ. ಬ್ರೆಡ್ಡಿನ ಕಪಾಟು ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಅವಳ ಮೀನಿಗೆ ಎರಡು ಕಾಗದ ಸುತ್ತಿ ಕೊಟ್ಟೆ.

ನವೆಂಬರ್ 9, ಶನಿವಾರ, ಬೆಳಗ್ಗೆ 6.15

ಐದೂವರೆಗೆ ಎದ್ದೆ. ಕತ್ತಿ ಮಸೆದೆ. ಮತ್ತೆ ಮಸೆದೆ. ಬಾಣಲೆಗೆ ಬೇಕನ್ ಹಾಕಿದವನು ಒಲೆ ಆರಿಸಿಬಿಟ್ಟೆ. ಅದು ತಣ್ಣಗಾಗಿ ಬಿದ್ದಿದೆ.

ಫೋನು ಬಂತು. ಲೋರ್ನಾ.

"ಕೋಳಿಯ ಹಾಗಲ್ಲ ಹಂದಿ," ಎಂದಳು. ಪೀಠಿಕೆ ಇಲ್ಲ, ನಮಸ್ಕಾರ ಇಲ್ಲ. "ತಡ ಮಾಡಿದ್ರೆ ಅದು ಒದ್ದಾಡುತ್ತೆ. ನಿಮ್ಮ ಮಾನಕ್ಕೋಸ್ಕರ ಅದು ಒದ್ದಾಡೋದು ಬೇಡ."

"ಗೊತ್ತು," ಅಂದೆ.

"ಹಂದಿ ಕೊಯ್ಯೋದೂ ಗೊತ್ತು ನಂಗೆ. ಕತ್ತಿ ನಾನು ಹಾಕ್ತೀನಿ. ಜೆರಿಗೆ ಈಗಷ್ಟೇ ಫೋನ್ ಮಾಡಿ ಹೇಳಿದ್ದೀನಿ, ನೀವು ಅವತ್ತು ಹೇಳಿದ್ದು ಜೋಕಲ್ಲ ಅಂತ. ನಗಲಿಲ್ಲ ಅವನು. ಸರಿ, ಇಬ್ಬರೂ ಬನ್ನಿ ಅಂದ." ಆಮೇಲೆ ಕೇಳಿದಳು, "ರಕ್ತಕ್ಕೆ ಒಬ್ಬರು ಬೇಕು. ಬೋಗುಣಿ ಹಿಡೀತೀರಾ?"

ಬೋಗುಣಿಯ ವಿಷಯ ಅವಳಿಗೆ ಗೊತ್ತಿಲ್ಲ. ಗೊತ್ತಿರಲು ಸಾಧ್ಯವೇ ಇಲ್ಲ. ಸತ್ತ ಅಪ್ಪ ಅಮ್ಮ, ನಾನು, ಈ ಪುಸ್ತಕ ಬಿಟ್ಟರೆ ಯಾರಿಗೂ ಗೊತ್ತಿಲ್ಲ.

ಹಿಡೀತೀನಿ ಅಂದೆ. ಕಾರು ತರ್ತೀನಿ, ಒಟ್ಟಿಗೆ ಹೋಗೋಣ ಅಂದಳು.

ಕತ್ತಿ ಮನೆಯಲ್ಲೇ ಬಿಡುತ್ತಿದ್ದೇನೆ. ಅಟ್ಟ ಹುಡುಕಿ ಬಿಳಿ ಬೋಗುಣಿ ತೆಗೆದೆ, ಅಮ್ಮ ಎಸೆದಿರಲಿಲ್ಲ. ತಳದಲ್ಲಿ ತುಕ್ಕು, ಅಂಚಿನಲ್ಲಿ ಒಂದು ಕಡೆ ಬಣ್ಣ ಎದ್ದಿದೆ, ಅವತ್ತು ಬಿದ್ದದ್ದೇ ಇರಬೇಕು. ತೊಳೆದು ಮೇಜಿನ ಮೇಲಿಟ್ಟಿದ್ದೇನೆ. ಅಂಗಳದಲ್ಲಿ ಅವಳ ಕಾರಿನ ದೀಪ ಬಿತ್ತು. ಎರಡೂ ಕೈಯಲ್ಲಿ, ಅಂಚು ಗಟ್ಟಿಯಾಗಿ. ಅದರಿಂದ ಕಣ್ಣು ಕೀಳಬಾರದು.