ಎನ್ನಲಾಗದು, ಎನ್ನಲಾಗಿದೆ

ಅಂತರರಾಷ್ಟ್ರೀಯ ಪೇಟೆಂಟ್ ಅರ್ಜಿಗಳ ಪರೀಕ್ಷಾ ವರದಿಗಳನ್ನು ಅನುವಾದಿಸುವ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ, ತಮ್ಮ ವಿಭಾಗ ಒಂದು ಪದವನ್ನು ತಪ್ಪಾಗಿ ಅನುವಾದಿಸಿತು; ಒಬ್ಬ ಮನುಷ್ಯ ಚಳಿಗೆ ಸೆಟೆದು ಸತ್ತ. ಪರಭಾಷೆಯ ಪರೀಕ್ಷಕರು ನನ್ನ ಗಂಡನ ಅರ್ಜಿ ಓದಿ, 'ಇದರಲ್ಲಿ ಹೊಸತನವಿಲ್ಲವೆನ್ನಲಾಗದು' ಎಂಬರ್ಥದ ಮಾತು ಬರೆದಿದ್ದರು. ತಮ್ಮಲ್ಲಿ ಅದು 'ಹೊಸತನವಿಲ್ಲವೆನ್ನಲಾಗಿದೆ' ಎಂದಾಯಿತು. ಕಿವಿಗೆ ಎರಡೂ ಅಕ್ಕತಂಗಿಯರಂತೆ ಕೇಳುತ್ತವೆ, ಒಪ್ಪಿದೆ. ಆದರೆ ಓದುವುದಕ್ಕೆ ತಮಗೆ ಕಣ್ಣೂ ಇತ್ತಲ್ಲವೇ?

ನನ್ನ ಗಂಡ ಮೀನು ಶೇಖರಿಸುವ ಶೀತಲಗೃಹದಲ್ಲಿ ಫಿಟ್ಟರ್. ಅಲ್ಲಿನ ಚಿಲಕಕ್ಕೆ ಹಿಮ ಕಟ್ಟಿದರೆ ಒಳಗಿದ್ದವರು ಬಾಗಿಲು ತೆಗೆಯುವಂತಿರಲಿಲ್ಲ. ಭುಜದಿಂದ ಒಮ್ಮೆ ನೂಕಿದರೆ ಬಿಚ್ಚಿಕೊಳ್ಳುವ ಚಿಲಕವೊಂದನ್ನು ಅವರು ರೂಪಿಸಿದರು, ನಮ್ಮ ಫ್ರಿಜ್ಜಿನ ಬಾಗಿಲನ್ನೇ ಕಿತ್ತು ಪ್ರಯೋಗ ಮಾಡಿ. ಬೇಸಿಗೆಯಿಡೀ ಮನೆಯಲ್ಲಿ ಹಾಲು ಒಡೆಯಿತು. ಕೈಯಲ್ಲಿ ಮಾಡಿದ ಚಿಲಕ ಬೇಡ, ಕಾರ್ಖಾನೆಯದೇ ಆಗಬೇಕು ಎಂದರು ಶೀತಲಗೃಹದವರು. ತಯಾರಿಸಲು ಒಪ್ಪಿದ್ದ ಕಾರ್ಖಾನೆಯ ಮಾಲೀಕ ತಮ್ಮ ಅನುವಾದ ಓದಿ, "ಹೊಸದೇನಿಲ್ಲ ಅಂತ ಅವರೇ ಹೇಳ್ಬಿಟ್ಟಿದಾರಲ್ಲಪ್ಪಾ. ನಾಳೆ ಯಾರು ಬೇಕಾದ್ರೂ ಇದನ್ನೇ ಮಾಡಿ ಮಾರ್ತಾರೆ. ನಾನ್ಯಾಕೆ ಕೈ ಸುಟ್ಕೊಳ್ಲಿ?" ಎಂದು ಹಿಂದೆ ಸರಿದ.

ಆ ಚಳಿಗಾಲ ಹಳೆಯ ಚಿಲಕದ ಹಿಂದೆ ಸಿಕ್ಕಿಕೊಂಡವನು ಹೊರೆಯಾಳು ಉದ್ದಣ್ಣ, ನನ್ನ ಗಂಡನ ಜೊತೆ ಬುತ್ತಿ ಹಂಚಿಕೊಳ್ಳುತ್ತಿದ್ದವನು. ಹೊಸ ಚಿಲಕದ ಎತ್ತರ ಅಳೆಯಲು ಇವರು ನಿಲ್ಲಿಸಿಕೊಂಡಿದ್ದೂ ಅವನನ್ನೇ. ಬಾಗಿಲಿನ ಒಳಮೈಯಲ್ಲಿ, ಆ ಚಿಲಕ ಇರಬೇಕಾಗಿದ್ದ ಜಾಗದಲ್ಲೇ, ಅವನ ಭುಜ ಒತ್ತಿದ ಗುರುತಿತ್ತು.

ಅಂದಿನಿಂದ ನನ್ನ ಗಂಡ ಬೀರು ತೆರೆಯುವ ಮುಂಚೆಯೂ ತಟ್ಟುತ್ತಾರೆ.

"ಒಳಗ್ಯಾರೂ ಇಲ್ಲ ಕಣ್ರೀ" ಎನ್ನುತ್ತೇನೆ.

"ಇಲ್ಲ ಅನ್ನೋಕಾಗಲ್ಲ ಕಣೇ" ಎನ್ನುತ್ತಾರೆ.

ಈಗ ನನಗೂ ಭಯ. ತಟ್ಟಿದ ಮೇಲೆ ನಾನೂ ಉಸಿರು ಹಿಡಿದು ಕೇಳಿಸಿಕೊಳ್ಳುತ್ತೇನೆ.

ತಪ್ಪು ಗೊತ್ತಾದದ್ದು ಆ ಭಾಷೆ ಬಲ್ಲ ನಾದಿನಿಯಿಂದ. ಮೂಲ ಓದಿದವಳೇ, "ಅತ್ತಿಗೆ, ಇದರಲ್ಲಿ ಅಣ್ಣನ್ನ ಹೊಗಳಿದಾರೆ" ಎಂದು ಅತ್ತುಬಿಟ್ಟಳು. ತಮಗೆ ಬರೆದೆ. ಉತ್ತರ ಬಂತು: 'ಅನುವಾದದಲ್ಲಿ ದೋಷವಿಲ್ಲವೆನ್ನಲಾಗದು, ಆದರೆ ಅನುವಾದವು ಮಾಹಿತಿಗಾಗಿ ಮಾತ್ರ.' ಅಂದರೆ ಆ ಪದ ತಮಗೆ ಚೆನ್ನಾಗಿಯೇ ಬರುತ್ತದೆ, ತಮ್ಮ ಬುಡಕ್ಕೆ ಬಂದಾಗ! ಮಾಹಿತಿ ಯಾರಿಗೆ ಸ್ವಾಮಿ, ಉದ್ದಣ್ಣನಿಗೆ?

ಪರಿಹಾರ ಬೇಡ, ವಿಷಾದವೂ ಬೇಡ. ತಮ್ಮ ಮೊಹರು ಒತ್ತಿ ಒಂದು ತಿದ್ದುಪಡಿ ಹೊರಡಿಸಿ. ಅದಿದ್ದರೆ ಚಿಲಕ ಮಾಡಿಕೊಡುತ್ತೇನೆಂದು ಮಾಲೀಕ ಹೇಳಿದ್ದಾನೆ. ಪರಿಶೀಲನೆ ನಡೆಯುತ್ತಿದೆ ಎಂದು ಮಾತ್ರ ಬರೆಯಬೇಡಿ. ಶೀತಲಗೃಹದ ಬಾಗಿಲಿಗೆ ಇಂದಿಗೂ ಹಳೆಯ ಚಿಲಕವೇ ಇದೆ, ಮತ್ತು ಉದ್ದಣ್ಣನ ಕೆಲಸಕ್ಕೆ ಅವನ ಹೆಂಡತಿ ಸೇರಿದ್ದಾಳೆ.

ಇಂತಿ,
ತಮ್ಮ ಅನುವಾದವನ್ನು ನಂಬಿ ಗಂಡನಿಗೆ ಸಮಾಧಾನ ಹೇಳಿದ ಒಬ್ಬ ಹೆಂಡತಿ